ಸೆಮಿ-ಸಬ್‌ಮರ್ಸಿಬಲ್ ಹಡಗನ್ನು ತೈಲಬಾವಿಯ ಮೇಲೆ ನಿಲ್ಲಿಸುವ ಕ್ರಮ

2010ರಲ್ಲಿ ಮೆಕ್ಸಿಕೋ ಕೊಲ್ಲಿಯ ತೈಲ ಉಕ್ಕಿ ಸೋರಿದ ಮಕಾಂಡೊ ಬಾವಿಯನ್ನು ಅದುಮಲು ಡ್ರಿಲ್ಲಿಂಗ್ ಮಡ್ (ಕೆಸರಿನಂಥ ಭಾರದ ದ್ರವ) ಪಂಪ್ ಮಾಡಿದ ಕ್ಯೂ4000 ಇಂಥದೇ, ಅರೆ ಮುಳುಗಿ ತೇಲುವ ಹಡಗು. ಲಂಗರಿನ ಹಂಗಿಲ್ಲ, ಥ್ರಸ್ಟರ್‌ಗಳ (ಹಡಗನ್ನು ಬೇಕಾದತ್ತ ತಳ್ಳುವ ಪ್ರೊಪೆಲ್ಲರ್‌ಗಳ) ಬಲದಿಂದಲೇ ಒಂದೆಡೆ ನಿಲ್ಲುತ್ತದೆ.

ಮೊದಲು ಬ್ಯಾಲಸ್ಟ್. ಹಡಗನ್ನು ತೇಲಿಸುವ ಕೆಳಭಾಗದ ಕೊಪ್ಪರಿಗೆಗಳಾದ ಪಾಂಟೂನ್‌ಗಳ ಟ್ಯಾಂಕ್‌ಗಳಿಗೆ ಸಮುದ್ರದ ನೀರು ತುಂಬಿಸಿ ಹಡಗನ್ನು ಕೆಲಸದ ಮಟ್ಟಕ್ಕೆ ಇಳಿಸಿ. ಎಡಬಲದ ಟ್ಯಾಂಕ್‌ಗಳನ್ನು ಜೋಡಿಯಾಗಿ ತುಂಬಿಸಿ, ಒಂದು ಜೋಡಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಅರೆ ತುಂಬಿದ ಟ್ಯಾಂಕ್‌ಗಳು ಹೆಚ್ಚಿದಷ್ಟೂ ನೀರು ಓಲಾಡಿ ಸ್ಥಿರತೆ ಕುಗ್ಗುತ್ತದೆ. ಪಾಂಟೂನ್ ಪೂರ್ತಿ ಮುಳುಗುವ ಹೊತ್ತಂತೂ ಬಲು ನಾಜೂಕು.

ಬಾವಿಯಿಂದ 500 ಮೀಟರ್ ಆಚೆಯೇ ನಿಂತು ಡಿಪಿ (ಡೈನಾಮಿಕ್ ಪೊಸಿಷನಿಂಗ್) ವ್ಯವಸ್ಥೆಗೆ, ಅಂದರೆ ಥ್ರಸ್ಟರ್ ನಡೆಸಿ ಹಡಗನ್ನು ಒಂದೆಡೆ ನಿಲ್ಲಿಸುವ ಕಂಪ್ಯೂಟರಿಗೆ, 30 ನಿಮಿಷವಾದರೂ ಕೊಡಿ. ಗಾಳಿ, ಪ್ರವಾಹದ ಲೆಕ್ಕ ಅದಕ್ಕೆ ಕೂರಬೇಕು. ಹಡಗಿನ ಜಾಗ ಹೇಳಲು ಎರಡು ಜಿಪಿಎಸ್ ಇವೆಯೆಂದು ನೆಚ್ಚಬೇಡಿ. ಉಪಗ್ರಹದ ಸಿಗ್ನಲ್ ಕೆಟ್ಟರೆ ಎರಡೂ ಒಟ್ಟಿಗೇ ಕೈಕೊಡುತ್ತವೆ. ಸಮುದ್ರತಳದ ಅಕೂಸ್ಟಿಕ್ ಬೀಕನ್ (ಶಬ್ದದಿಂದ ಜಾಗ ತಿಳಿಸುವ ಸಾಧನ) ಬೇಕೇ ಬೇಕು.

ಬಾವಿಗೆ ಜೋಡಿಸುವ ಉಪಕರಣವನ್ನು ಬಾವಿಯ ನೆತ್ತಿಯ ಮೇಲೆ ಇಳಿಸಬೇಡಿ, ಜಾರಿ ಬಿದ್ದರೆ ಬಾವಿಯ ಬಾಯಿಗಿರುವ ವೆಲ್‌ಹೆಡ್ಡೇ ಹೋಯಿತು. ಪಕ್ಕಕ್ಕೆ ಇಳಿಸಿ, ತಳದ ಹತ್ತಿರ ಬಂದ ಮೇಲೆ ಸರಿಸಿ. ಆರ್‌ಒವಿಯ (ಮೇಲಿನಿಂದ ನಡೆಸುವ ನೀರೊಳಗಿನ ರೋಬೋಟ್) ಕ್ಯಾಮೆರಾದಲ್ಲಿ ಸೋರಿಕೆ ತಡೆಯುವ ಸೀಲಿಂಗ್ ರಿಂಗ್ ನೋಡಿ. ಅಡ್ಡಲಾಗಿ ಒಂದು ಗೀರಿದ್ದರೂ ಪ್ರೆಶರ್ ಟೆಸ್ಟ್ ನಿಲ್ಲಲಿಕ್ಕಿಲ್ಲ.

ಜೋಡಿಸಿದ ಮೇಲೆ ಹಡಗು ಬಾವಿಯಿಂದ ಎಷ್ಟು ಸರಿಯಬಹುದು ಎಂಬುದಕ್ಕೆ ಎರಡು ಗಡಿ: ಹಳದಿ ದಾಟಿದರೆ ಕೆಲಸ ನಿಲ್ಲಿಸಿ ಬಾವಿಯಿಂದ ಬಿಡಿಸಲು ಸಜ್ಜಾಗಿ, ಕೆಂಪು ದಾಟಿದರೆ ಯಾರ ಅಪ್ಪಣೆಗೂ ಕಾಯದೆ ಬಿಡಿಸುವ ತುರ್ತು ಬಟನ್ ಒತ್ತಿ. ನೀರು ಆಳವಿಲ್ಲದ ಕಡೆ ಈ ಗಡಿಗಳು ಇನ್ನೂ ಕಿರಿದು.