ಬೇಲಿಯ ಕಾಗದದ ಹೂವನ್ನು ಬೋನ್ಸಾಯ್ ಮಾಡುವುದು ಹೇಗೆ?

ಅಂಗಳದ ಹೂಗಿಡಗಳಲ್ಲಿ ಹೆಚ್ಚಿನವನ್ನು ಬೋನ್ಸಾಯ್ ಮಾಡಬಹುದು, ಅಂದರೆ ಕುಂಡದಲ್ಲಿ ಪುಟ್ಟ ಮರದಂತೆ ಬೆಳೆಸಬಹುದು. ಆದರೆ ಗಿಡ ಕುಳ್ಳಾದಾಗ ಎಲೆ ಒಂದಿಷ್ಟು ಕಿರಿದಾಗುತ್ತದೆಯೇ ಹೊರತು ಹೂವು ಕಿರಿದಾಗುವುದಿಲ್ಲ. ಒಂದಡಿ ಎತ್ತರದ ದಾಸವಾಳದಲ್ಲಿ ಅಂಗೈ ಅಗಲದ ಹೂ ಅರಳಿದರೆ ಅದು ಮರದಂತೆ ಕಾಣುವುದೇ ಇಲ್ಲ. ಸಣ್ಣ ಹೂವಿನ ಕೇಪಳ, ಕುಬ್ಜ ದಾಳಿಂಬೆ, ಕಾಗದದ ಹೂ (ಬೋಗನ್‌ವಿಲ್ಲಾ) ಇವು ಸರಿ. ಹೊಸಬರು ಕಾಗದದ ಹೂವಿನಿಂದಲೇ ಶುರುಮಾಡಲಿ. ಅದರ ಹಳೆಯ ಬೊಡ್ಡೆಯ ಎಲ್ಲೆಂದರಲ್ಲಿ ಚಿಗುರು ಒಡೆಯುತ್ತದೆ, ಬಿಸಿಲಿಗೆ ಅದು ಅಂಜುವುದಿಲ್ಲ, ಮನೆ ರಿಪೇರಿಗೆಂದು ಬೇಲಿ ಕಡಿದಾಗ ದಪ್ಪ ಬೊಡ್ಡೆ ಪುಕ್ಕಟೆ ಸಿಗುತ್ತದೆ.

ಯಾವ ಗಿಡ, ಯಾವಾಗ

ಬುಡದಲ್ಲಿ 5ರಿಂದ 8 ಸೆಂ.ಮೀ. ದಪ್ಪವಿರುವ, ಎಲೆ ಸಣ್ಣದಿರುವ ಗಿಡ ಆರಿಸಿ. ಒತ್ತೊತ್ತಾದ ಮುದ್ದೆ ಹೂವಿನ ಬಗೆ ಬೇಡ. ಬಾಡಿದ ಹೂ ಉದುರದೆ ಕೊಂಬೆಯಲ್ಲೇ ಕಂದಾಗಿ ಉಳಿದು ಗಿಡದ ಅಂದ ಕೆಡಿಸುತ್ತದೆ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಕೆಲಸಕ್ಕೆ ಕೈಹಾಕಿ, ಏಪ್ರಿಲ್ ಒಳಗೆ ಮುಗಿಸಿ. ಡಿಸೆಂಬರ್‌ ಚಳಿಯಲ್ಲಿ ಕಿತ್ತ ಬೊಡ್ಡೆ ಬೇರು ಬಿಡಲು ಬಹಳ ತಡಮಾಡುತ್ತದೆ. ಕರಾವಳಿ, ಮಲೆನಾಡಿನ ಜಡಿಮಳೆಯಲ್ಲಿ ಕಿತ್ತದ್ದು ಕೊಳೆಯುತ್ತದೆ.

ಮಣ್ಣು

ಕಾಳುಮೆಣಸಿನ ಗಾತ್ರದ ಇಟ್ಟಿಗೆ ಚೂರು 4 ಪಾಲು, ದಪ್ಪ ಮರಳು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2 ಪಾಲು, ಕೆಂಪು ಮಣ್ಣು 1 ಪಾಲು. ಇಟ್ಟಿಗೆ ಚೂರು ಮತ್ತು ಮರಳನ್ನು ಜರಡಿ ಹಿಡಿದು ದೂಳನ್ನೆಲ್ಲ ತೆಗೆಯಿರಿ. ಎಂ-ಸ್ಯಾಂಡ್ ಆದರೆ ತೊಳೆಯದೆ ಹಾಕಬೇಡಿ; ಅದರ ದೂಳು ಕುಂಡದ ತಳದಲ್ಲಿ ಹೆಪ್ಪುಗಟ್ಟಿ ನೀರನ್ನು ತಡೆಯುತ್ತದೆ. ಚೀಲದಲ್ಲಿ ‘ಬೋನ್ಸಾಯ್ ಮಿಶ್ರಣ’ ಎಂದು ಮಾರುವುದನ್ನು ಕೊಳ್ಳುವ ಮುನ್ನ ಮುಷ್ಟಿಯಲ್ಲಿ ಹಿಡಿದು ನೋಡಿ. ತೆಂಗಿನ ನಾರಿನ ಪುಡಿಯೇ ತುಂಬಿದ್ದರೆ ಬಿಟ್ಟುಬನ್ನಿ. ಈ ಗಿಡದ ಬೇರಿಗೆ ಸದಾ ತೇವ ಆಗುವುದಿಲ್ಲ.

ಕೀಳುವುದು, ಕತ್ತರಿಸುವುದು

ಮೊದಲು ಮೇಲ್ಭಾಗ ಕಡಿಯಿರಿ. ಬುಡ 6 ಸೆಂ.ಮೀ. ದಪ್ಪವಿದ್ದರೆ ಮುಂದೆ ಗಿಡದ ಎತ್ತರ ಅದರ ಆರರಷ್ಟು, ಅಂದರೆ 36 ಸೆಂ.ಮೀ. ಇದ್ದರೆ ಚೆಂದ. ಬೊಡ್ಡೆಯನ್ನು ಈಗ ಅದರ ಅರ್ಧಕ್ಕೆ, 18 ಸೆಂ.ಮೀ.ಗೆ ಕಡಿಯಬೇಕು, ಉಳಿದ ಎತ್ತರವನ್ನು ಹೊಸ ಚಿಗುರಿನಿಂದ ಕಟ್ಟಬೇಕು. ಕಡಿದ ತುದಿ ಒಂದಿಷ್ಟು ಒಣಗುವುದರಿಂದ 2–3 ಸೆಂ.ಮೀ. ಹೆಚ್ಚಿಗೆ ಬಿಡಿ. ನೀರು ನಿಲ್ಲದಂತೆ ಗಾಯ ಓರೆಯಾಗಿರಲಿ.

ಬೊಡ್ಡೆ ಹಿಡಿದು ಎಳೆಯಬೇಡಿ. ಈ ಗಿಡದ ಬೇರು ಬಲು ಪೆಡಸು, ಎಳೆದರೆ ಬೊಡ್ಡೆಯ ಹತ್ತಿರವೇ ಮುರಿಯುತ್ತದೆ. ಸುತ್ತ ಒಂದು ಗೇಣು ದೂರದಲ್ಲಿ ಗುಂಡಿ ತೋಡಿ, ಅಡ್ಡ ಬೇರುಗಳನ್ನು ಗರಗಸದಿಂದ ಕೊಯ್ದು, ಕೊನೆಗೆ ತಾಯಿಬೇರನ್ನು ಬುಡದಿಂದ 8–10 ಸೆಂ.ಮೀ. ಕೆಳಗೆ ಕತ್ತರಿಸಿ. ಹಾರೆಯಿಂದ ಜಜ್ಜಿದ ಬೇರು ಕೊಳೆಯುತ್ತದೆ, ಅದರ ತುದಿಯನ್ನು ಹರಿತವಾದ ಕತ್ತರಿಯಿಂದ ಮತ್ತೆ ನಯ ಮಾಡಿ.

ಕಾಂಡದ ದೊಡ್ಡ ಗಾಯಗಳಿಗೆ ಬೋರ್ಡೋ ಪೇಸ್ಟ್ ಸವರಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕಲಸಿ, ಆಮೇಲೆ ಎರಡನ್ನೂ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ. ಕಾಗದದ ಹೂವಿನ ಮರ ಮೆದು. ಗಾಯ ತೆರೆದಿದ್ದರೆ ನೀರಿಳಿದು ಒಳಗಿನಿಂದ ಟೊಳ್ಳಾಗುತ್ತದೆ.

ಈಗಲೇ ಚಪ್ಪಟೆ ತಟ್ಟೆಯಲ್ಲಿ ನೆಡುವ ಆಸೆ ಬೇಡ. 25 ಸೆಂ.ಮೀ. ಆಳದ, ತಳದಲ್ಲಿ ದೊಡ್ಡ ತೂತುಗಳಿರುವ ಸಾದಾ ಕುಂಡ ಸಾಕು. ತೂತುಗಳ ಮೂಲಕ ತಂತಿ ಹಾಯಿಸಿ ಬೊಡ್ಡೆಯನ್ನು ಅಲ್ಲಾಡದಂತೆ ಬಿಗಿಯಿರಿ. ಇದನ್ನು ಬಿಟ್ಟವರೇ ಹೆಚ್ಚು. ಬೊಡ್ಡೆ ಗಾಳಿಗೆ ಕೂದಲೆಳೆಯಷ್ಟು ಅಲುಗಿದರೂ ಆಗಷ್ಟೇ ಮೂಡಿದ ಎಳೆ ಬೇರು ತುಂಡಾಗುತ್ತದೆ.

ಚಿಗುರು ಬಂತು; ಬೇರು ಬಂತೇ?

ಗಿಡಗಳು ಹೆಚ್ಚಾಗಿ ಸಾಯುವುದು ಈ ಹಂತದಲ್ಲಿ. ನೆಟ್ಟು ಎರಡು ಮೂರು ವಾರಕ್ಕೆ ಬೊಡ್ಡೆಯ ತುಂಬ ಕೆಂಪು ಮೊಗ್ಗೆಗಳು ಉಬ್ಬಿ, ನೋಡನೋಡುತ್ತಿದ್ದಂತೆ ಬೆರಳುದ್ದದ ಚಿಗುರು ಏಳುತ್ತವೆ. ಗಿಡ ಹಿಡಿಯಿತೆಂದು ಖುಷಿಪಟ್ಟು ಬಿಸಿಲಿಗಿಡುತ್ತಾರೆ, ಗೊಬ್ಬರ ಹಾಕುತ್ತಾರೆ, ದಿನಕ್ಕೆರಡು ಸಲ ನೀರು ಹೊಯ್ಯುತ್ತಾರೆ. ವಾರದೊಳಗೆ ಚಿಗುರೆಲ್ಲ ಜೋತುಬಿದ್ದು ಕರಗುತ್ತದೆ. ಆ ಮೊದಲ ಚಿಗುರು ಬೊಡ್ಡೆಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು. ಕೆಳಗೆ ಬೇರು ಇನ್ನೂ ಹುಟ್ಟಿರುವುದಿಲ್ಲ. ಎಲೆ ಬಿಸಿಲಿಗೆ ಬಿಟ್ಟುಕೊಡುವ ನೀರನ್ನು ಕೆಳಗಿನಿಂದ ತುಂಬಿಕೊಡುವವರೇ ಇಲ್ಲ.

ಆದ್ದರಿಂದ ನೆಟ್ಟ ದಿನ ತಳದ ತೂತಿನಿಂದ ಹರಿಯುವಷ್ಟು ನೀರು ಕೊಟ್ಟು, ಕುಂಡವನ್ನು ಬೆಳಕಿದ್ದೂ ಬಿಸಿಲು ಬೀಳದ ಜಾಗದಲ್ಲಿಡಿ. ಬೊಡ್ಡೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ಮೇಲೆ ಒಂದೆರಡು ತೂತು ಮಾಡಿ. ಮೇಲಿನ ಎರಡು ಬೆರಳು ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು. ಗೊಬ್ಬರ ಖಂಡಿತ ಬೇಡ. ಚಿಗುರನ್ನು ಚಿವುಟಲೂ ಬೇಡಿ, ಬೇರು ಬೆಳೆಸಲು ಆ ಎಲೆಗಳೇ ಆಧಾರ. ಬೇರು ಬಂದದ್ದಕ್ಕೆ ಗುರುತು: ಚಿಗುರು ಒಮ್ಮೆ ನಿಂತು, ಬುಡ ಗಟ್ಟಿಯಾಗಿ, ತುದಿಯಿಂದ ಎರಡನೆಯ ಸಲ ಬೆಳೆಯಲು ಶುರುಮಾಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ತಳದ ತೂತಿನಲ್ಲಿ ಬಿಳಿ ಬೇರು ಇಣುಕಿದರಂತೂ ಅನುಮಾನವೇ ಇಲ್ಲ. ಅನಂತರ ಚೀಲವನ್ನು ದಿನಕ್ಕಿಷ್ಟು ಹೊತ್ತಿನಂತೆ ತೆರೆಯುತ್ತ, ಒಂದು ವಾರ ಬೆಳಗಿನ ಎಳೆಬಿಸಿಲು ಕಾಣಿಸಿ, ಆಮೇಲೆ ಪೂರ್ತಿ ಬಿಸಿಲಿಗೆ ಸರಿಸಿ.

‘ರೆಡಿ ಬೋನ್ಸಾಯ್’ ಕೊಳ್ಳುವವರಿಗೂ ಇದೇ ಎಚ್ಚರಿಕೆ. ಬೊಡ್ಡೆಯನ್ನು ಮೆಲ್ಲಗೆ ಅಲ್ಲಾಡಿಸಿ. ಅಲುಗಿದರೆ ಅದು ಮೊನ್ನೆ ತಾನೇ ನೆಟ್ಟದ್ದು. ಮಣ್ಣಿನ ಮೇಲೆ ಬಣ್ಣದ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದರೆ ಕೊಳ್ಳಲೇಬೇಡಿ.

ತಂತಿ

ಅಲ್ಯೂಮಿನಿಯಂ ತಂತಿಯೇ ಆಗಬೇಕು, ಅದರ ದಪ್ಪ ಕೊಂಬೆಯ ದಪ್ಪದ ಮೂರನೇ ಒಂದರಷ್ಟಿರಲಿ. ಕಟ್ಟಡದವರ ಬೈಂಡಿಂಗ್ ತಂತಿ ತುಕ್ಕು ಹಿಡಿದು ತೊಗಟೆ ಕೊಯ್ಯುತ್ತದೆ. ಕೊಂಬೆ ಹಸಿರಿನಿಂದ ಕಂದಿಗೆ ತಿರುಗುವ ಹೊತ್ತಿನಲ್ಲೇ ಬಾಗಿಸಿ. ಪೆನ್ಸಿಲ್ ದಪ್ಪ ದಾಟಿದ್ದು ಬಾಗುವ ಬದಲು ಮುರಿಯುತ್ತದೆ. ಹಿಂದಿನ ದಿನ ನೀರು ತಪ್ಪಿಸಿದರೆ ಕೊಂಬೆ ಮೆತ್ತಗಿರುತ್ತದೆ. ಕೊಂಬೆ ಬೊಡ್ಡೆಗೆ ಸೇರುವ ಜಾಗ ಬಲು ದುರ್ಬಲ, ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದೇ ಬಗ್ಗಿಸಿ. ನಾಲ್ಕು ವಾರದಿಂದಾಚೆ ಆಗಾಗ ನೋಡುತ್ತಿದ್ದು, ತಂತಿ ತೊಗಟೆಗೆ ಒತ್ತಲು ತೊಡಗಿದೊಡನೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಸುರುಳಿ ಬಿಚ್ಚಲು ಹೋದರೆ ಕೊಂಬೆ ಮುರಿದೀತು.

ಹೂ ಬಿಡಿಸುವುದು

ಹೂ ಬರುವುದು ಹೊಸ ಚಿಗುರಿನಲ್ಲಿ. ಉದ್ದ ಬೆಳೆದ ಕೊಂಬೆಯನ್ನು ಎರಡು ಮೂರು ಎಲೆ ಬಿಟ್ಟು ಕತ್ತರಿಸುತ್ತ ಹೋದರೆ ಕವಲು ಹೆಚ್ಚುತ್ತದೆ. ಆದರೆ ಹೂ ಬೇಕೆಂದಿರುವ ಕಾಲಕ್ಕೆ ಎರಡು ತಿಂಗಳ ಮೊದಲೇ ಕತ್ತರಿ ಕೆಳಗಿಡಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಲಿ. ಯೂರಿಯಾ ಹಾಕಿದರೆ ಎಲೆಯೇ ಎಲೆ. ಪೊಟ್ಯಾಷ್ ಹೆಚ್ಚಿರುವ 0:0:50 (ಸಾರಜನಕ:ರಂಜಕ:ಪೊಟ್ಯಾಷ್) ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ. ನೀರನ್ನು ತಡೆಹಿಡಿದು, ಎಲೆ ತುಸು ಜೋಲುವ ತನಕ ಕಾದು, ಅದೇ ಸಂಜೆ ಕೊಡಿ. ಹೀಗೆ ಮೂರು ನಾಲ್ಕು ಸುತ್ತು ಮಾಡಿದರೆ ತುದಿಗಳಲ್ಲಿ ಬಣ್ಣ ಕಾಣುತ್ತದೆ. ಬಣ್ಣ ಕಂಡ ಮೇಲೆ ನೀರು ತಪ್ಪಿಸಬೇಡಿ, ಬಿಡುವ ಮೊದಲೇ ಹೂ ಉದುರೀತು.

ಚಪ್ಪಟೆ ತಟ್ಟೆಗೆ ವರ್ಗಾಯಿಸುವುದು ಎರಡನೆಯ ಬೇಸಿಗೆಯಲ್ಲಿ. ಬೇರಿನ ಮೂರನೇ ಒಂದು ಪಾಲು ಮಾತ್ರ ಕತ್ತರಿಸಿ, ಮತ್ತೆ ತಂತಿಯಿಂದ ಬಿಗಿದು, ಎರಡು ಮೂರು ವಾರ ನೆರಳಲ್ಲಿಡಿ.