ಫ್ರಾನ್ಸಿನ ಕಡಲ ದಂಡೆಯಲ್ಲಿ ಸೈಕಲ್ ರಜೆ: ಬೆಂಗಳೂರಿನಿಂದ ಹೊರಡುವವರಿಗೆ

ಫ್ರಾನ್ಸಿನ ಪಶ್ಚಿಮದ ಕಡಲ ಪಕ್ಕದಲ್ಲಿ ವೆಲೊಡಿಸ್ಸೆ ಅಂತ ಒಂದು ಸೈಕಲ್ ದಾರಿ ಇದೆ. ಉತ್ತರದ ರೋಸ್ಕಾಫ್‌ನಿಂದ ಸ್ಪೇನ್ ಗಡಿಯವರೆಗೆ ಸುಮಾರು 1,300 ಕಿ.ಮೀ. ಪೂರ್ತಿ ಮುಗಿಸುವ ಹಟ ಬೇಡ. ಹತ್ತು ದಿನ ರಜೆ ಇದ್ದರೆ ಲಾ ರೋಶೆಲ್‌ನಿಂದ ರೊಯಾನ್‌ವರೆಗಿನ ತುಂಡು ಸಾಕು, ದಿನಕ್ಕೆ 40 ಕಿ.ಮೀ. ದಾಟಬೇಡಿ. ದಾರಿಯಲ್ಲಿ ನಿಂತು ನೋಡುವುದಕ್ಕೇ ತಾನೇ ಹೋಗುವುದು?

ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಆಗಸ್ಟ್‌ನಲ್ಲಿ ಫ್ರಾನ್ಸಿನವರೆಲ್ಲ ಕಡಲಿಗೇ ಬಂದಿರುತ್ತಾರೆ, ರೂಮು ಸಿಗುವುದು ಕಷ್ಟ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 30,000 ಯೂರೋವರೆಗಿನ ಚಿಕಿತ್ಸೆಯ ಖರ್ಚು ಕೊಡುವ ಟ್ರಾವೆಲ್ ಇನ್ಶೂರೆನ್ಸ್ ಬೇಕು.

ಸೈಕಲ್ ಇಲ್ಲಿಂದ ಒಯ್ಯಬೇಡಿ, ಲಾ ರೋಶೆಲ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ಆದರೆ ನಿಮ್ಮ ಸೀಟು ಮಾತ್ರ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ಮೈಗೆ ಒಗ್ಗಿದ ಸೀಟಿದ್ದರೆ ಮೂರನೇ ದಿನದ ನೋವು ಅರ್ಧಕ್ಕರ್ಧ ತಪ್ಪುತ್ತದೆ, ಬೋಲ್ಟು ಬಿಚ್ಚುವ ಆರು ಮೂಲೆಯ ಅಲೆನ್ ಕೀ ಒಂದಿದ್ದರೆ ಐದು ನಿಮಿಷದ ಕೆಲಸ.

ಅಭ್ಯಾಸಕ್ಕೆ ನಂದಿ ಬೆಟ್ಟ ಹತ್ತಬೇಕಿಲ್ಲ, ಫ್ರಾನ್ಸಿನ ಈ ದಾರಿಯಲ್ಲಿ ನೆಲ ಹೆಚ್ಚುಕಮ್ಮಿ ಸಮತಟ್ಟು. ಎದುರು ಗಾಳಿಯೇ ಅಲ್ಲಿನ ಏರು. ಶನಿವಾರ, ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ, ಕ್ಯಾರಿಯರ್‌ಗೆ ಬ್ಯಾಗು ಕಟ್ಟಿಕೊಂಡು ಹೆಸರಘಟ್ಟದ ಕಡೆ ಹೋಗಿ ಬನ್ನಿ. ಎರಡನೇ ದಿನ ಮೈ ಏನು ಹೇಳುತ್ತದೆ ಅನ್ನುವುದು ಮುಖ್ಯ.

ಪ್ಯಾರಿಸ್‌ನ ಮೊಂಪರ್ನಾಸ್ ಸ್ಟೇಷನ್‌ನಿಂದ ಲಾ ರೋಶೆಲ್‌ಗೆ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಮೊದಲ ಎರಡು ದಿನ ಪಕ್ಕದ ಇಲ್ ದ ರೇ ದ್ವೀಪಕ್ಕೆ ಹೋಗಿ. ಸುಮಾರು 3 ಕಿ.ಮೀ. ಉದ್ದದ ಸೇತುವೆ, ಸೈಕಲ್‌ಗೆ ಟೋಲ್ ಇಲ್ಲ. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವಲ್ವಾ, ರಸ್ತೆ ದಾಟುವಾಗ ನಮ್ಮ ಕಣ್ಣು ಅಭ್ಯಾಸಬಲದಿಂದ ಮೊದಲು ಬಲಕ್ಕೇ ಹೋಗುತ್ತದೆ, ಕಾರು ಎಡದಿಂದ ಬರುತ್ತದೆ. ದ್ವೀಪದ ತುಂಬ ಸೈಕಲ್‌ಗೇ ಬೇರೆ ದಾರಿಗಳಿರುವುದರಿಂದ ನಿಧಾನವಾಗಿ ಒಗ್ಗಿಕೊಳ್ಳಬಹುದು.

ಅಲ್ಲಿನ ಉಪ್ಪಿನ ಗದ್ದೆಗಳನ್ನು ನೋಡಿದಾಗ ನನಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೆನಪಾಯಿತು. ಅದೇ ಚೌಕ ಚೌಕ ಪಾತಿಗಳು, ಉದ್ದ ಕೋಲಿನ ತುದಿಯ ಹಲಗೆಯಿಂದ ಉಪ್ಪನ್ನು ಅಂಚಿಗೆ ಎಳೆಯುವ ಅದೇ ಕೆಲಸ. ಸುಮ್ನೆ ಅರ್ಧ ಗಂಟೆ ನಿಂತುಬಿಟ್ಟೆ.

ಆಮೇಲೆ ದಕ್ಷಿಣಕ್ಕೆ ರೋಶ್‌ಫೋರ್. ಇಲ್ಲಿ ಶರಾಂತ್ ನದಿಯ ಮೇಲೆ 1900ರಲ್ಲಿ ಕಟ್ಟಿದ ವಿಚಿತ್ರ ಸೇತುವೆ ಇದೆ. ನದಿಗೆ ಅಡ್ಡವಾಗಿ ಮೇಲೆ ಎತ್ತರದಲ್ಲಿ ಕಬ್ಬಿಣದ ತೊಲೆ, ಅದರಿಂದ ತಂತಿಗಳಲ್ಲಿ ತೂಗುವ ಒಂದು ಕಟ್ಟೆ. ನೀವು ಸೈಕಲ್ ಹಿಡಿದು ಕಟ್ಟೆಯ ಮೇಲೆ ನಿಂತರೆ ಅದೇ ನಿಮ್ಮನ್ನು ನೀರಿನ ಮೇಲೆ ಆಚೆ ದಡಕ್ಕೆ ಒಯ್ಯುತ್ತದೆ. ಫ್ರಾನ್ಸಿನಲ್ಲಿ ಇಂಥದ್ದು ಉಳಿದಿರುವುದು ಇದೊಂದೇ. ಅದು ಓಡುವ ದಿನಗಳನ್ನು ಮೊದಲೇ ನೋಡಿಕೊಂಡು ಹೋಗಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಚೀಸು, ಟೊಮೇಟೊ, ಪೀಚ್ ಹಣ್ಣು ಇದ್ದೇ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಎಷ್ಟೋ ಹೋಟೆಲಲ್ಲಿ ಅಡುಗೆಮನೆ ಮುಚ್ಚುತ್ತದೆ, ಭಾನುವಾರ ಮಧ್ಯಾಹ್ನದ ಮೇಲೆ ಸಣ್ಣ ಊರಲ್ಲಿ ಅಂಗಡಿಯೂ ಇಲ್ಲ. ಒಂದು ಭಾನುವಾರ, ದಾರಿಯಲ್ಲಿ ಸಿಗುವ ಮರೆನ್ ಅನ್ನುವ ಊರಿನ ಹತ್ತಿರ ನಮ್ಮನ್ನು ಕಾಪಾಡಿದ್ದು ತೆಳು ಅವಲಕ್ಕಿ ಮತ್ತು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಎರಡೂ ಹಗುರ, ಜಾಸ್ತಿಯೇ ತನ್ನಿ.

ರೊಯಾನ್ ತಲುಪಿದಾಗ ಎರಡು ದಿನ ಉಳಿದಿದ್ದರೆ, ಸೈಕಲ್ ಸಮೇತ ಫೆರಿ ಹತ್ತಿ ಜಿರೋಂದ್ ನದಿಯ ಅಳಿವೆ ದಾಟಿ. ಅರ್ಧ ಗಂಟೆಯೂ ಆಗುವುದಿಲ್ಲ. ಆಚೆ ದಡದಿಂದ ಪೈನ್ ಕಾಡಿನ ನೆರಳಲ್ಲಿ ದಾರಿ ಶುರುವಾಗುತ್ತದೆ.