ಕೈಮರದಿಂದ ಮೇಲಕ್ಕೆ: ಘಾಟಿ ದಾರಿಯಲ್ಲಿ ಕಾರು ಕಲಿತದ್ದು

ನಾನು ಕಾರು ಕಲಿತದ್ದು ಚಿಕ್ಕಮಗಳೂರಿನಿಂದ ಕೈಮರ ದಾಟಿ ಸೀತಾಳಯ್ಯನಗಿರಿಗೆ ಹತ್ತುವ ದಾರಿಯಲ್ಲಿ. ಮೈದಾನದಲ್ಲಿ ಗೇರು, ಕ್ಲಚ್ಚು ಕೈಕಾಲಿಗೆ ಒಗ್ಗಿದ ಮೇಲೆಯೇ ಇಂಥ ದಾರಿಗೆ ಬರಬೇಕು. ಎಲ್ಎಲ್ (ಕಲಿಯುವವರ ಲೈಸೆನ್ಸ್) ಇರಬೇಕು, ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿರಬೇಕು. ಕಲಿಸುವವರಿಗೆ ಲೈಸೆನ್ಸ್ ಇದ್ದರಷ್ಟೇ ಸಾಲದು, ಹ್ಯಾಂಡ್ ಬ್ರೇಕಿಗೆ ಕೈ ಎಟುಕುವಂತೆ ಪಕ್ಕದಲ್ಲಿ ಕೂತಿರಬೇಕು. ಶನಿವಾರ, ಭಾನುವಾರ ಪ್ರವಾಸಿಗರ ಗಾಡಿಗಳ ಸಾಲು. ವಾರದ ನಡುವಿನ ಬೆಳಗ್ಗೆಯೇ ಮೇಲು.

ಮೊದಲು ಪಳಗಬೇಕಾದ್ದು ಏರಿನಲ್ಲಿ ನಿಲ್ಲಿಸಿ ಹೊರಡುವುದು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ತುಸು ಒತ್ತಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬಂದರೆ ಒಂದು ಕಡೆ ಎಂಜಿನ್ ಸದ್ದು ತಗ್ಗುತ್ತದೆ, ಬಾನೆಟ್ಟು ಒಂದು ಕೂದಲೆಳೆ ಮೇಲೇಳುತ್ತದೆ. ಕಾಲನ್ನು ಅಲ್ಲೇ ತಡೆದು ಹ್ಯಾಂಡ್ ಬ್ರೇಕ್ ಇಳಿಸಬೇಕು. ಅದಕ್ಕೆ ಮೊದಲೇ ಇಳಿಸಿದರೆ ಕಾರು ಹಿಂದಕ್ಕೆ ಜಾರುತ್ತದೆ. ಗಾಬರಿಯಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಆಫ್ ಆಗುತ್ತದೆ. ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುವ ಚಾಳಿ ಮಾತ್ರ ಬೇಡ, ಕ್ಲಚ್ ಪ್ಲೇಟ್ ಸುಡುತ್ತದೆ. ಇದೊಂದನ್ನೇ ನಾನು ದಿನಕ್ಕೆ 20 ಸಲದಂತೆ ಒಂದು ವಾರ ಮಾಡಿದೆ.

ಹೇರ್‌ಪಿನ್ ತಿರುವಿನಲ್ಲಿ ಹೊಸಬರು ಎಡವುವುದು ಗೇರಿನಲ್ಲೇ. ತಿರುವಿಗೆ ಎರಡು-ಮೂರು ಕಾರಿನುದ್ದ ಮೊದಲೇ ವೇಗ ಇಳಿಸಿ, ಗೇರ್ ಬದಲಿಸಿ, ಹಾರ್ನ್ ಹೊಡೆದು, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಒಳಹೋಗಬೇಕು. ಎಡಕ್ಕೆ ಅವಸರದಲ್ಲಿ ತಿರುಗಿಸಿದರೆ ಎಡಗಡೆಯ ಹಿಂಚಕ್ರ ಡಾಂಬರು ಬಿಟ್ಟು ಚರಂಡಿಗಿಳಿಯುತ್ತದೆ, ಏಕೆಂದರೆ ತಿರುವಿನಲ್ಲಿ ಹಿಂಚಕ್ರ ಮುಂಚಕ್ರಕ್ಕಿಂತ ಒಳಗೆ ಓಡುತ್ತದೆ. ಎದುರಿಗೆ ಬಸ್ಸು ಕಂಡರೆ ತಿರುವಿಗೆ ಮೊದಲೇ ಅಗಲ ಜಾಗದಲ್ಲಿ ನಿಂತುಬಿಡಿ, ತಿರುಗಲು ಅದಕ್ಕೆ ಇಡೀ ರಸ್ತೆ ಬೇಕು. ಕಿರಿದಾದ ಕಡೆ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಸಾಮಾನ್ಯವಾಗಿ ಸೆಕೆಂಡ್. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಜೊತೆಗೆ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಒತ್ತಿ. ಪೆಡಲ್ ಮೆತ್ತಗಾದರೆ ಅಥವಾ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು.

ಮಂಜಿನಲ್ಲಿ ಡಿಮ್ ಲೈಟೇ ಸರಿ, ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ತೋಟದ ಬದಿಯ ತಿರುವುಗಳಲ್ಲಿ ಸಿಲ್ವರ್ ಓಕ್ ತರಗೆಲೆ ಒದ್ದೆಯಾಗಿ ರಸ್ತೆಗೆ ಅಂಟಿರುತ್ತದೆ. ಅದರ ಮೇಲೆ ಬ್ರೇಕ್ ಒತ್ತಿದರೆ ಪಾಚಿಯ ಮೇಲೆ ಕಾಲಿಟ್ಟ ಹಾಗೆ. ಇದೆಲ್ಲ ರೂಢಿಯಾದ ಮೇಲೆಯೇ ಚಾರ್ಮಾಡಿ, ಶಿರಾಡಿ ಇಳಿಯುವ ಯೋಚನೆ ಮಾಡಿ.